ಕಂಬ ಅಲುಗಲಿಲ್ಲ

ಎಲ್ಲರೂ ಅವನನ್ನು ಕಂಬ ಎಂದೇ ಕರೆಯುತ್ತಿದ್ದರು, ತಾಯಿಯೊಬ್ಬಳನ್ನು ಬಿಟ್ಟು. "ನನ್ನ ಮಗನಿಗೆ ಹೆಸರಿಲ್ವಾ? ಕಂಬ ಅಂತೀರಲ್ಲ, ನಿಮ್ಮ ಬಾಯಿಗೆ ಮಣ್ಣು ಹಾಕ!" ಎಂದು ಆಕೆ ಬೈಯುತ್ತಿದ್ದಳು.

ಹೆಸರು ಅಂಟಿದ್ದು ಕೆಲಸದಿಂದ. ನೆಲದೊಳಗೆ ಮದ್ದು ಸಿಡಿಸಿ, ಆ ಕಂಪನ ಆಳದ ಬಂಡೆಗೆ ಬಡಿದು ವಾಪಸು ಬರುವುದನ್ನು ಹಿಡಿದು, ಭೂಮಿಯ ತೊಗಟೆ ಎಷ್ಟು ದಪ್ಪ ಎಂದು ಲೆಕ್ಕ ಹಾಕುವ ತಂಡ ಅದು. ಕಂಪನ ಹಿಡಿಯುವ ಸಣ್ಣ ಡಬ್ಬಿಗಳನ್ನು ಸಾಲಾಗಿ ನೆಲಕ್ಕೆ ಚುಚ್ಚಿ, ತಂತಿ ಎಳೆದು, ಕಾಯುವುದು ಇವನ ಪಾಲಿನದು. ವಾಕಿಟಾಕಿಯಲ್ಲಿ "ನಿಲ್ಲಿ" ಎಂದರೆ ಮುಗಿಯಿತು. ಮದ್ದು ಸಿಡಿಯುವಾಗ ಯಾರಾದರೂ ಹೆಜ್ಜೆ ಕಿತ್ತಿಟ್ಟರೆ ಅದೂ ದಾಖಲಾಗಿ, ಇಡೀ ದಿನದ ದುಡಿಮೆ ಹೊಳೆಯಲ್ಲಿ ಹುಣಸೇಹಣ್ಣು ತೊಳೆದ ಹಾಗೆ. ಮೂಗಿನ ಮೇಲೆ ನೊಣ ಕೂತರೂ ಇವನು ಅಲುಗುತ್ತಿರಲಿಲ್ಲ.

ತಮ್ಮನನ್ನೂ ಅಲ್ಲಿಗೇ ಸೇರಿಸಿದ. ಅದೊಂದು ಕೋತಿ! ಅಣ್ಣನನ್ನು ಅಲುಗಿಸುವುದೇ ಅವನ ಪಣ. ಕಾಯುವ ಹೊತ್ತಿನಲ್ಲಿ "ಅಣ್ಣಾ, ಹಾವು!" ಎಂದು ಕಿರುಚಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗುವನು. "ಅವನ ಮೇಲೊಂದು ಕಣ್ಣಿಡಪ್ಪ, ನೀನಿದ್ದೀಯ ಅಂತಲೇ ಕಳಿಸ್ತಿರೋದು" ಎಂದಿದ್ದಳು ತಾಯಿ.

ಆ ಮಧ್ಯಾಹ್ನ "ನಿಲ್ಲಿ" ಎಂದವರು ಸಿಡಿಸಲು ತಡಮಾಡಿದರು. ಬಾಯಾರಿದ ತಮ್ಮ ಕಳ್ಳಹೆಜ್ಜೆ ಹಾಕಿ ಕಂಬನ ಬೆನ್ನ ಹಿಂದಿದ್ದ ಹಳೆಯ ಕಲ್ಲುಗಣಿಯ ನೀರಿನ ಹೊಂಡದತ್ತ ಹೋದ. ಸ್ವಲ್ಪ ಹೊತ್ತಿಗೆ "ಅಣ್ಣಾ!" ಎಂಬ ಕೂಗು. ಶುರುವಾಯ್ತು ಇವನ ಮಂಗಾಟ, ಎಂದು ಕಂಬ ಹಲ್ಲು ಕಚ್ಚಿದ. "ಅಣ್ಣಾ, ಬಾರೋ!" ಕಿರುಚಿಕೋ ಮಗನೇ, ಇವತ್ತೂ ನೀನೇ ಸೋಲೋದು, ಎಂದುಕೊಂಡ. ಅಷ್ಟರಲ್ಲಿ ದೂರದಲ್ಲಿ ನೆಲ ಗುಮ್ಮೆಂದಿತು. ರೆಕಾರ್ಡಿಂಗ್ ಮುಗಿಯುವವರೆಗೂ ನಿಂತೇ ಇದ್ದ. ಆಮೇಲೆ ಬೈಗುಳವನ್ನು ನಾಲಿಗೆ ತುದಿಯಲ್ಲಿಟ್ಟುಕೊಂಡು ಹೊಂಡಕ್ಕೆ ಹೋದ. ನೀರಿನ ಮೇಲೆ ಒಂದು ಚಪ್ಪಲಿ ತೇಲುತ್ತಿತ್ತು.

ತಮ್ಮನನ್ನು ಮಣ್ಣು ಮಾಡಿದ ಮೇಲೆ ತಂಡದ ಸಾಹೇಬರು ಮನೆಗೆ ಬಂದರು. "ಅಮ್ಮಾ, ನಿಮ್ಮ ದೊಡ್ಡ ಮಗ ಅಲುಗದೆ ನಿಂತಿದ್ದಕ್ಕೇ ಅವತ್ತಿನ ರೆಕಾರ್ಡು ಅಷ್ಟು ಚೆನ್ನಾಗಿ ಬಂತು. ತೊಗಟೆಯ ತಳವೇ ಕಾಣಿಸ್ತು" ಎಂದರು. ಸಮಾಧಾನದ ಮಾತೆಂದುಕೊಂಡೇ ಅಂದರು, ಪುಣ್ಯಾತ್ಮ! ಮೂವತ್ತೈದು ಕಿಲೋಮೀಟರು ಆಳ ಕಂಡವರಿಗೆ ಎರಡಾಳು ನೀರು ಕಾಣಲಿಲ್ಲ.

ಸಾಹೇಬರು ಹೋದ ಮೇಲೆ ತಾಯಿ ಕೇಳಿದಳು: "ಅವನು ಕೂಗಲಿಲ್ವೇನೋ?"

"ಕೂಗಿದ ಅಮ್ಮ. ತಮಾಷೆ ಅಂದ್ಕೊಂಡೆ."

ಆಕೆ ಎದ್ದು ಒಳಗೆ ಹೋಗಿ ಒಲೆ ಹಚ್ಚಿದಳು. ಇವನು ಗೋಡೆಗೆ ಒರಗಿ ಕೂತೇ ಇದ್ದ. ಅನ್ನ ಬೆಂದ ಮೇಲೆ ತಟ್ಟೆ ಇಟ್ಟ ಸದ್ದಾಯಿತು.

"ಕಂಬಾ," ಎಂದು ಕರೆದಳು ತಾಯಿ, "ಊಟಕ್ಕೆ ಬಾ."