ಆನೆಯ ತಪಾಸಣೆ

ಪುಸ್ತಕದಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಯಾವುದೆಂದು ಕೇಳಿದರೆ ಆ ಊರಿನಲ್ಲಿ ತಲೆ ಕೆರೆದುಕೊಳ್ಳುವವರೇ ಹೆಚ್ಚು. ಸಂಚಾರಿ ಗ್ರಂಥಾಲಯದ ಬಸ್ಸಿನಲ್ಲಿ ಪ್ರಾಯವನ್ನೆಲ್ಲ ಕಳೆದವಳು ಅವಳು. ಬೂದು ಬಣ್ಣದ, ಗೂನುಬೆನ್ನಿನ, ಏರು ಬಂತೆಂದರೆ ಏದುಸಿರು ಬಿಡುತ್ತಿದ್ದ ಆ ಬಸ್ಸನ್ನು ಜನ ‘ಆನೆ’ ಎನ್ನುತ್ತಿದ್ದರು. ಆನೆ ಬಂತು ಅಂದರೆ ಪುಸ್ತಕ ಬಂತು ಅಂತಲೇ ಅರ್ಥ. ಮೊದಮೊದಲು ಅದನ್ನು ಓಡಿಸುತ್ತಿದ್ದವನು ಅವಳ ಅಣ್ಣ. ಹಿಂದಿನ ಬಾಗಿಲ ಹತ್ತಿರ ಸಣ್ಣ ಮೇಜು ಹಾಕಿಕೊಂಡು ಪುಸ್ತಕ ಕೊಡುವುದು, ಬಂದದ್ದನ್ನು ಜೋಡಿಸುವುದು, ಹಾಳೆ ಮಡಚಿ ತಂದವರನ್ನು ಗದರಿಸುವುದು ತಂಗಿಯ ಕೆಲಸ.

ಅಣ್ಣನಿಗೆ ಓಡಿಸುವುದಕ್ಕಿಂತ ಓದುವುದರ ರುಚಿ ಹೆಚ್ಚು. ಊರಾಚೆ ಒಂದು ಕಲ್ಲುಕ್ವಾರಿ ಇತ್ತು. ಅಲ್ಲಿನ ಕೆಲಸದವರಿಗೆ ಅಕ್ಷರ ಬಾರದು. ಬುತ್ತಿ ಹಿಡಿದು ಬಂದು, ಬಸ್ಸಿನ ನೆರಳು ಸಿಗುತ್ತದಲ್ಲ ಎಂದು ಅದರ ಮಗ್ಗುಲಲ್ಲಿ ಕೂರುತ್ತಿದ್ದರು, ಅಷ್ಟೆ. ಒಂದು ದಿನ ಅಣ್ಣ ಡ್ರೈವರ್ ಸೀಟಿನಲ್ಲೇ ಹೊರಳಿ ಕೂತು, ಕಿಟಕಿಯಿಂದ ಮುಖ ಹೊರಗೆ ಹಾಕಿ, ಒಂದು ಕಾದಂಬರಿಯನ್ನು ಗಟ್ಟಿಯಾಗಿ ಓದತೊಡಗಿದ. ಕಥೆಯಲ್ಲಿ ಯಾರೋ ಬಾಗಿಲು ತಟ್ಟಿದರು. ತೆರೆಯುವ ಮೊದಲೇ ಅವನು ಪುಸ್ತಕ ಮುಚ್ಚಿ, ಮುಂದಿನ ವಾರ ನೋಡೋಣ ಎಂದು ಇಂಜಿನ್ ಚಾಲೂ ಮಾಡಿದ. ಅಂದಿನಿಂದ ಅದೇ ಆಟ. ಪ್ರತಿ ವಾರ ಯಾರನ್ನಾದರೂ ಬಾವಿಯ ಕಟ್ಟೆಯ ಮೇಲೋ ಹೊಸಿಲ ಮೇಲೋ ನಿಲ್ಲಿಸಿ ಹೊರಟುಬಿಡುವವನು. ಬೈಯುತ್ತಲೇ ಕಾಯುವುದು ಕ್ವಾರಿಯವರಿಗೂ ರೂಢಿಯಾಯಿತು.

ಹೀಗೇ ಒಂದು ಕಥೆ ಅರ್ಧಕ್ಕೆ ನಿಂತ ವಾರದಲ್ಲಿ ಅವನ ಎದೆಯೂ ನಿಂತುಹೋಯಿತು. ಚಹಾ ಕುಡಿದು ಲೋಟ ಕೆಳಗಿಡುವಷ್ಟೂ ಪುರುಸೊತ್ತು ಸಿಗಲಿಲ್ಲ ಅವನಿಗೆ. ಡ್ರೈವರ್ ಇಲ್ಲದ ಮೇಲೆ ಬಸ್ಸು ಯಾಕೆ ಎಂದು ಮೇಲಿನವರು ಗೊಣಗಿದರು. ತಂಗಿ ಹಟ ಹಿಡಿದು ಡ್ರೈವಿಂಗ್ ಕಲಿತಳು. ಅಣ್ಣನ ಸೀಟಿನಲ್ಲಿ ಕೂತು, ಕಾಲು ಎಟುಕಲಿ ಎಂದು ಬೆನ್ನಿಗೊಂದು ದಿಂಬು ಕೊಟ್ಟುಕೊಂಡು, ಆನೆಯನ್ನು ಮತ್ತೆ ಬೀದಿಗಿಳಿಸಿದಳು. ಕ್ವಾರಿಯ ಹತ್ತಿರ ನಿಲ್ಲಿಸಿದಾಗ ಯಾರೂ ಸಾವಿನ ಮಾತೆತ್ತಲಿಲ್ಲ. ಕಲ್ಲು ಒಡೆಯುವ ಒಬ್ಬ ಮುದುಕಿ ಹತ್ತಿರ ಬಂದು, ಆ ಕಥೆಯಲ್ಲಿ ಕೊನೆಗೆ ಏನಾಯಿತೆಂದು ಕೇಳಿದಳು. ಪುಸ್ತಕದಕ್ಕ ಅಲ್ಲಿಯವರೆಗೆ ನಾಲ್ಕು ಜನರ ಮುಂದೆ ಗಟ್ಟಿಯಾಗಿ ಓದಿದವಳಲ್ಲ. ಓದಿದಳು. ನಡುವೆ ನಿಲ್ಲಿಸಿದಳು, ಮತ್ತೆ ಓದಿದಳು. ಅಷ್ಟು ಹೊತ್ತೂ ಯಾರೂ ಬುತ್ತಿಯ ಮುಚ್ಚಳದ ಸದ್ದು ಕೂಡ ಮಾಡಲಿಲ್ಲ. ನಿವೃತ್ತಿಯಾಗುವವರೆಗೂ ಓಡಿಸುವುದೂ ಓದುವುದೂ ಅವಳದ್ದೇ ಆಯಿತು.

ಅಣ್ಣನ ಹೆಂಡತಿ, ಅಂದರೆ ಅತ್ತಿಗೆ, ಅವಳ ಜೊತೆಗೇ ಉಳಿದಳು. ಎರಡು ಕೋಣೆಯ ಬಾಡಿಗೆ ಮನೆ. ಅಡುಗೆಮನೆಯ ಕಿಟಕಿ ತೆರೆದರೆ ಎದುರು ಮನೆಯ ಗೋಡೆ. ಅತ್ತಿಗೆ ಕುರ್ಚಿ, ಸೋಫಾಗಳಿಗೆ ಗವಸು ಹೊಲಿಯುವವಳು. ಸೂಜಿ ಹೆಚ್ಚು ಚೂಪೋ ನಾಲಿಗೆ ಹೆಚ್ಚು ಚೂಪೋ ಹೇಳುವುದು ಕಷ್ಟ. ಇಬ್ಬರದೂ ಎಣ್ಣೆ ಸೀಗೆಕಾಯಿ ಎಂದು ನೆರೆಯವರು ಆಡಿಕೊಳ್ಳುತ್ತಿದ್ದರು. ಆದರೆ ಒಬ್ಬಳು ಬರುವುದು ತಡವಾದರೆ ಇನ್ನೊಬ್ಬಳಿಗೆ ತುತ್ತು ಇಳಿಯುತ್ತಿರಲಿಲ್ಲ.

ಪುಸ್ತಕದಕ್ಕನ ನಿವೃತ್ತಿಯ ಜೊತೆಗೇ ಬಸ್ಸಿಗೂ ನಿವೃತ್ತಿಯಾಗಿತ್ತು. ಹರಾಜಿನಲ್ಲಿ ಅದನ್ನು ಕೊಂಡ ಬಡಗಿಯೊಬ್ಬ ಪುಸ್ತಕದ ಕಪಾಟುಗಳನ್ನೆಲ್ಲ ಕಿತ್ತು, ಒಳಗೆ ಮಂಚ, ಒಲೆ, ನೀರಿನ ತೊಟ್ಟಿ, ಮಡಚುವ ಮೇಜು ಕೂರಿಸಿ, ಹೋದಲ್ಲಿ ಮಲಗಿ ಎದ್ದು ಬರುವಂಥ ಮನೆಗಾಡಿ ಮಾಡಿಕೊಂಡಿದ್ದ. ಗಂಡ ಹೆಂಡತಿ ಕೆಲವು ವರ್ಷ ಅದರಲ್ಲಿ ತಿರುಗಾಡಿದರು. ಆಮೇಲೆ ಹೆಂಡತಿಯ ಮಂಡಿ ಕೈಕೊಟ್ಟಿತು. ಗಾಡಿ ಮಾರಾಟಕ್ಕಿದೆ ಎಂಬ ಸುದ್ದಿ ತಂದವಳು ಅತ್ತಿಗೆಯೇ. ನಿನ್ನ ಆನೆ ಮಾರುತ್ತಾರಂತೆ, ತುಕ್ಕು ಡಬ್ಬಕ್ಕೂ ಗಿರಾಕಿ ಹುಡುಕುವವರಿದ್ದಾರೆ ನೋಡು, ಎಂದು ನಕ್ಕು ಮಷೀನು ತುಳಿಯತೊಡಗಿದಳು.

ಪುಸ್ತಕದಕ್ಕ ನಗಲಿಲ್ಲ. ಜೀವಮಾನವೆಲ್ಲ ಗಾಡಿ ಓಡಿಸಿದರೂ ಸಾಯಂಕಾಲಕ್ಕೆ ಮನೆ ಸೇರಿದವಳು. ಊರಿನ ಸುತ್ತ ತಿರುಗಿದ ಬಸ್ಸು ಅವಳ ಕೈಯಲ್ಲಿ ಒಮ್ಮೆಯೂ ಆ ಸುತ್ತು ದಾಟಿರಲಿಲ್ಲ. ಅದೇ ಬಸ್ಸಿನಲ್ಲಿ ಸಮುದ್ರದ ತನಕ ಹೋಗಿ ಬರಬಹುದು ಎಂಬ ಆಸೆ ತಲೆಯೊಳಗೆ ಹೊಕ್ಕಿತೋ ಇಲ್ಲವೋ, ಇರುವೆ ಬಿಟ್ಟುಕೊಂಡ ಹಾಗಾಯಿತು. ಮರುದಿನವೇ ಬಡಗಿಯ ಅಂಗಳಕ್ಕೆ ಹೋದಳು. ಒಳಗೆ ಹತ್ತಿದರೆ ವಾರ್ನಿಷ್ ವಾಸನೆ. ಆದರೆ ಕಿಟಕಿಯ ಅಂಚಿಗೆ ಮೂಗು ತಂದರೆ ಹಳೇ ಕಾಗದದ ಕಮಟು ಇನ್ನೂ ಇತ್ತು. ಕಪಾಟಿದ್ದ ಜಾಗದಲ್ಲಿ ಮೊಳೆಯ ತೂತುಗಳನ್ನು ಬಡಗಿ ಎಷ್ಟು ನಯವಾಗಿ ಮುಚ್ಚಿದ್ದರೂ ಅವಳ ಬೆರಳಿಗೆ ಸಿಕ್ಕವು. ಆಗಲಿ, ಕೊಡಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, ಮೊದಲು ತಿಳಿದವರಿಂದ ಒಮ್ಮೆ ತಪಾಸಣೆ ಮಾಡಿಸುತ್ತೇನೆ ಎಂದಳು.

ಬಡಗಿಗೆ ಆಶ್ಚರ್ಯ. “ನಿಮಗಿಂತ ಈ ಗಾಡಿ ಗೊತ್ತಿರೋರು ಇನ್ಯಾರಿದ್ದಾರೆ?” ಎಂದ.

“ಅದಕ್ಕೇ ಹೇಳಿದ್ದು,” ಎಂದಳು ಪುಸ್ತಕದಕ್ಕ. “ನನ್ನ ಕಣ್ಣಿಗೆ ಆವತ್ತಿನ ಗಾಡಿನೇ ಕಾಣುತ್ತೆ. ಇವತ್ತಿನದನ್ನ ನೋಡೋಕೆ ಬೇರೆ ಕಣ್ಣು ಬೇಕು.”

ಬಂದವಳು ಮನೆಗಾಡಿಗಳ ತಪಾಸಣೆಯನ್ನೇ ಕಸುಬು ಮಾಡಿಕೊಂಡಿದ್ದ ನಡುವಯಸ್ಸಿನ ಹೆಂಗಸು. ನೀಲಿ ಮೇಲಂಗಿ, ಕೈಯಲ್ಲೊಂದು ಪುಟ್ಟ ಸುತ್ತಿಗೆ, ಹೆಗಲಲ್ಲಿ ಚೀಲ. ಇದು ಹಿಂದೆ ಪುಸ್ತಕದ ಬಸ್ಸಾಗಿತ್ತು ಎಂದು ಪುಸ್ತಕದಕ್ಕ ಅಭಿಮಾನದಿಂದ ಹೇಳಿದರೆ, ತನಗೆ ಪುಸ್ತಕ ತೆರೆದರೆ ಆಕಳಿಕೆ ಬರುತ್ತದೆ ಎಂದುಬಿಟ್ಟಳು. ಜೊತೆಗೆ ಬಂದಿದ್ದ ಅತ್ತಿಗೆಗೆ ಅವಳು ಆ ಕ್ಷಣಕ್ಕೇ ಹಿಡಿಸಿದಳು.

ತಪಾಸಣೆಯವಳು ಅವಸರ ಮಾಡಲಿಲ್ಲ. ಏಣಿ ಹತ್ತಿ ಮಾಡಿನ ಬೆಸುಗೆಗಳ ಮೇಲೆ ಬೆರಳಾಡಿಸಿದಳು. ತೇವ ಅಳೆಯುವ ಯಂತ್ರವನ್ನು ಗೋಡೆಗೆ ಒತ್ತುತ್ತ ಮೂಲೆ ಮೂಲೆ ಸುತ್ತಿದಳು. ಮಂಚದ ತಲೆದಿಂಬಿನ ಹಿಂದೆ ಅದು ಕೀಚಲು ದನಿ ಮಾಡಿತು. ಗ್ಯಾಸಿನ ಕೊಳವೆಗೆ ಸೋಪಿನ ನೊರೆ ಸವರಿ ಗುಳ್ಳೆ ಏಳುತ್ತದೆಯೇ ಎಂದು ಕಾದಳು. ಟೈರುಗಳು ಹೊರಗಿನಿಂದ ಗಟ್ಟಿಮುಟ್ಟು, ಆದರೆ ಅವು ತಯಾರಾದ ವರ್ಷ ನೋಡಿ ತಲೆಯಾಡಿಸಿದಳು. ನಿಂತಲ್ಲೇ ಮುದಿಯಾದ ರಬ್ಬರು ಎಂದಳು. ಬಡಗಿ ಕಟ್ಟಿದ ಮರದ ಕೆಲಸವನ್ನು ಮಾತ್ರ ಬಾಯ್ತುಂಬ ಹೊಗಳಿದಳು. ಹೊಗಳಿದ ಮೇಲೆ, ಇಷ್ಟು ಭಾರದ ಮರವನ್ನು ಈ ಚಕ್ರದ ಅಚ್ಚು ಎಷ್ಟು ದಿನ ಹೊತ್ತೀತು ಎಂದೂ ಕೇಳಿದಳು. ಬಡಗಿಗೆ ಉಬ್ಬಬೇಕೋ ಬಾಡಬೇಕೋ ತಿಳಿಯಲಿಲ್ಲ.

ಕೊನೆಗೆ ಗೋಣಿ ಹಾಸಿಕೊಂಡು ಗಾಡಿಯ ಅಡಿಗೆ ಸರಿದಳು. ಸುತ್ತಿಗೆಯ ಸದ್ದು ಕೇಳತೊಡಗಿತು. ಮುಂದಿನ ಭಾಗದಲ್ಲಿ ಠಣ್ ಠಣ್ ಎಂದು ಗಂಟೆಯಂತೆ ಬರುತ್ತಿದ್ದ ಸದ್ದು ಹಿಂದೆ ಹಿಂದೆ ಹೋದಂತೆ ದಪ್ಪಗಾಯಿತು. ಹಿಂಚಕ್ರದ ಹತ್ತಿರ ಸದ್ದೇ ಇಲ್ಲ. ನೆನೆದ ರೊಟ್ಟಿಗೆ ಬಡಿದ ಹಾಗೆ. ಹೊರಬಂದವಳ ತಲೆಗೂದಲ ತುಂಬ ಕೆಂಪು ಪುಡಿ ಇತ್ತು. ಒಂದು ಸುತ್ತು ಓಡಿಸಿ ನೋಡಬೇಕು, ನಿಧಾನಕ್ಕೆ, ಖಾಲಿ ರಸ್ತೆಯಲ್ಲಿ, ಎಂದಳು.

ಓಡಿಸಿದವಳು ಪುಸ್ತಕದಕ್ಕ. ತಪಾಸಣೆಯವಳು ಪಕ್ಕದಲ್ಲಿ ಕೂತಳು, ಅತ್ತಿಗೆ ಅಂಗಳದಲ್ಲೇ ಉಳಿದಳು. ಕ್ಲಚ್ಚಿಗೆ ಕಾಲಿಟ್ಟದ್ದೇ ಪಾದಕ್ಕೆ ಎಲ್ಲ ನೆನಪಾಯಿತು. ಎರಡನೇ ಗೇರಿಗೆ ಮಣಿಕಟ್ಟಿನಿಂದ ಒಂದು ಸಣ್ಣ ಕುಲುಕು ಕೊಡಬೇಕು, ಕೊಟ್ಟಳು. ಯಾವ ರಸ್ತೆ ಎಂದು ಯೋಚಿಸಲೇ ಇಲ್ಲ, ಗಾಡಿ ತಾನಾಗಿ ಹಳೇ ದಾರಿ ಹಿಡಿಯಿತು. ಕಾಗದದ ಕಾರ್ಖಾನೆಯ ಗೇಟು ಬಂತು. ಪಾಳಿ ಬಿಟ್ಟವರು ಪತ್ತೇದಾರಿ ಪುಸ್ತಕಕ್ಕಾಗಿ ಇಲ್ಲಿ ಸಾಲು ನಿಲ್ಲುತ್ತಿದ್ದರು. ಕೊನೆಯ ಹಾಳೆಯನ್ನು ಮೊದಲು ಓದಿ, ಕೊಲೆಗಾರನ ಹೆಸರನ್ನು ಹಿಂದಿನವನಿಗೆ ಹೇಳಿ ಏಟು ತಿನ್ನುತ್ತಿದ್ದ ಒಬ್ಬ ಫಿಟ್ಟರ್ ಇದ್ದ. ಆಸ್ಪತ್ರೆಯ ಹಿಂಬಾಗಿಲು ಬಂತು. ಒಬ್ಬ ನರ್ಸು ಅಲ್ಲಿ ಪ್ರತಿ ಸಲವೂ ಅದೇ ಒಂದು ಪುಸ್ತಕ ಒಯ್ಯುತ್ತಿದ್ದಳು, ಬೇರೆ ಯಾವುದೂ ಅವಳಿಗೆ ಸೇರುತ್ತಿರಲಿಲ್ಲ. ಈಗ ಆ ಬಾಗಿಲಿಗೆ ಇಟ್ಟಿಗೆ ಕಟ್ಟಿದ್ದರು. ಪುಸ್ತಕದಕ್ಕನಿಗೆ ಆ ಇಟ್ಟಿಗೆ ಕಂಡರೂ ಕಾಣದಂತಿತ್ತು. ಹಿಂದಿನಿಂದ ಯಾರೋ ಹಾಳೆ ಮಗುಚುವ ಸದ್ದು ಕೇಳಿದಂತಾಗಿ ಕನ್ನಡಿ ನೋಡಿದಳು.

ಇಳಿಜಾರು ಶುರುವಾಗುವಲ್ಲಿ ಬ್ರೇಕ್ ಒತ್ತಿದಳು. ಪೆಡಲು ಒಂದಿಷ್ಟು ಆಳಕ್ಕೆ ಹೋಗಿ ಹಿಡಿಯಿತು. ಸ್ಟಿಯರಿಂಗ್ ಎಡಕ್ಕೆ ಜಗ್ಗಿತು. ಕೈ ತಾನಾಗಿ ಬಲಕ್ಕೆ ತಿರುಗಿಸಿ ಸರಿಮಾಡಿತು.

“ಎಡಕ್ಕೆ ಎಳೀತಾ ಇದೆ ಅಲ್ವಾ?” ಎಂದು ತಪಾಸಣೆಯವಳು ಕೇಳಿದಳು.

“ಅದು ಮೊದಲಿಂದಲೂ ಹಾಗೇ,” ಎಂದಳು ಪುಸ್ತಕದಕ್ಕ. ಮೊದಲಿಂದಲೂ ಹಾಗಿರಲಿಲ್ಲ. ಅಣ್ಣನ ಕಾಲದಲ್ಲಂತೂ ಎರಡು ಕೈ ಬಿಟ್ಟರೂ ಗೆರೆ ಎಳೆದ ಹಾಗೆ ಹೋಗುತ್ತಿದ್ದ ಗಾಡಿ. ತನ್ನ ಬಾಯಿಂದ ಅಷ್ಟು ಸಲೀಸಾಗಿ ಸುಳ್ಳು ಹೊರಟಿತಲ್ಲ, ಅದೂ ತನಗೇ ಹೇಳಿಕೊಂಡ ಸುಳ್ಳು, ಎಂದು ಅವಳಿಗೆ ಕಸಿವಿಸಿಯಾಯಿತು. ರಸ್ತೆಯ ಅಂಚಿಗೆ ನಿಲ್ಲಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಎಂದಳು.

ತಪಾಸಣೆಯವಳು ಹೇಳಿದಳು. ಇಂಜಿನ್ ಪರವಾಗಿಲ್ಲ, ಇನ್ನೂ ದುಡಿಯುತ್ತದೆ. ತೇವ, ಟೈರು ಸರಿಮಾಡಿಸಬಹುದು. ಆದರೆ ಹಿಂಭಾಗದ ಚಾಸಿ, ಅಂದರೆ ಗಾಡಿಯನ್ನು ಹೊರುವ ಕಬ್ಬಿಣದ ಚೌಕಟ್ಟು, ಒಳಗಿನಿಂದ ತುಕ್ಕು ತಿಂದುಹೋಗಿದೆ. ಬ್ರೇಕಿನ ಕೊಳವೆಗಳೂ ಅದೇ ದಾರಿಯಲ್ಲಿವೆ. ಮೇಲಿನ ಭಾರ ನೋಡಿದರೆ, ಘಟ್ಟದಲ್ಲಿ ಇಳಿಸಿದ ದಿನ ಏನಾಗುತ್ತದೆಂದು ಹೇಳಲಾಗದು. ತೇಪೆ ಹಾಕುವವರು ಸಿಗುತ್ತಾರೆ, ತೇಪೆಯ ಮೇಲೆ ಬಣ್ಣ ಬಳಿಯುವವರೂ ಸಿಗುತ್ತಾರೆ. ನನ್ನ ತಾಯಿ ಕೇಳಿದ್ದರೆ ಕೊಳ್ಳಬೇಡ ಅಂತಿದ್ದೆ ಎಂದಳು. ಪುಸ್ತಕದಕ್ಕ ತಲೆಯಾಡಿಸಿ, ಬಂದ ದಾರಿಯಲ್ಲೇ, ಸೈಕಲ್ಲಿನವರು ಹಿಂದೆ ಹಾಕುವಷ್ಟು ಮೆಲ್ಲಗೆ ಗಾಡಿಯನ್ನು ಅಂಗಳಕ್ಕೆ ತಂದಳು.

ಬಡಗಿ ಸಿಟ್ಟಾಗಲಿಲ್ಲ. ಅವನಿಗೆ ನಿಜವಾಗಿ ಗೊತ್ತಿರಲಿಲ್ಲ. ಹೆಂಡತಿಯನ್ನು ಕೂರಿಸಿಕೊಂಡು ಎಷ್ಟು ಘಟ್ಟ ಇಳಿದಿದ್ದೆನಲ್ಲ ಎಂದು ನೆನೆದು ಅಂಗಳದ ಕಟ್ಟೆಯ ಮೇಲೆ ಕುಸಿದು ಕೂತ. ರಾದ್ಧಾಂತ ಮಾಡಿದವಳು ಅತ್ತಿಗೆ. ಅಷ್ಟು ದಿನ ತುಕ್ಕು ಡಬ್ಬ ಎಂದು ಹಂಗಿಸಿದವಳು, ಕೊಳ್ಳುವುದಿಲ್ಲ ಎಂಬ ಮಾತು ಕಿವಿಗೆ ಬಿದ್ದದ್ದೇ ಗಾಡಿ ಹತ್ತಿ ಡ್ರೈವರ್ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡಳು. ಇಳಿಯುವುದಿಲ್ಲ ಎಂದಳು. ಒಂದು ಸುತ್ತಿಗೆ ಹಿಡಿದು ಬಂದವರೆಲ್ಲ ದೊಡ್ಡ ಮನುಷ್ಯರೋ ಎಂದು, ಕೆಲ ಹೊತ್ತಿನ ಹಿಂದೆ ಮೆಚ್ಚಿದ್ದವಳನ್ನೇ ಬೈದಳು. ಪುಸ್ತಕದಕ್ಕ ಕಿಟಕಿಯ ಹತ್ತಿರ ಹೋಗಿ ನಿಂತಳು. ಅತ್ತಿಗೆ ಸೀಟಿನ ಹರಿದ ಅಂಚನ್ನು ನೇವರಿಸುತ್ತ ಕೂತಿದ್ದಳು. ಆ ಸೀಟಿಗೆ ಗವಸು ಹೊಲಿದವಳು ಅವಳೇ, ಮದುವೆಯಾದ ವರ್ಷ.

“ನೀನಾದರೂ ಇಷ್ಟು ವರ್ಷ ಇದರಲ್ಲಿ ಕೂತೆ,” ಎಂದಳು ಅತ್ತಿಗೆ. “ನನ್ನನ್ನ ಒಂದು ದಿನಾನೂ ಅವರು ಇದರಲ್ಲಿ ಕರ್ಕೊಂಡು ಹೋಗ್ಲಿಲ್ಲ. ಕೆಲಸದ ಗಾಡಿ ಅಂದ್ರು. ಈಗಾದ್ರೂ ಅಂದ್ಕೊಂಡಿದ್ದೆ.”

ಇದು ಪುಸ್ತಕದಕ್ಕನಿಗೆ ಗೊತ್ತೇ ಇರದ ವಿಷಯ. ಒಂದೇ ಸೂರಿನಡಿ ಇಷ್ಟು ಕಾಲ ಬಾಳಿದರೂ, ಅತ್ತಿಗೆಯ ಕೊಂಕುಮಾತಿನ ಅಡಿಯಲ್ಲಿ ಈ ಆಸೆ ಇದೆಯೆಂದು ಅವಳಿಗೆ ಹೊಳೆದೇ ಇರಲಿಲ್ಲ.

“ಬೆಳಿಗ್ಗೆ ಬೆಳಿಗ್ಗೆ ಗಾಡಿ ಅಡಿಗೆ ಹೋಗಿ ಬ್ರೇಕ್ ನೋಡಿ ಬರ್ತಿದ್ದ ಅಣ್ಣ,” ಎಂದಳು ಪುಸ್ತಕದಕ್ಕ. “ಅಂಗಿ ಮಸಿ ಆಯ್ತು ಅಂತ ನೀನೇ ಬೈತಿದ್ದೆ. ಅವನಿದ್ದಿದ್ರೆ ಈ ಗಾಡೀಲಿ ನಿನ್ನ ಕೂರಿಸ್ತಿದ್ನಾ?”

ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡು ಇಳಿದಳು. ಹೋಗುವಾಗ ತಪಾಸಣೆಯವಳಿಗೆ, ತಲೆ ತುಂಬ ತುಕ್ಕಿದೆ, ತೊಳೆದುಕೊಂಡು ಹೋಗು ಎಂದಳು. ಅದು ಅವಳು ಕ್ಷಮೆ ಕೇಳುವ ರೀತಿ.

ಆನೆಯನ್ನು ಬಡಗಿ ಮತ್ತೆ ಯಾರಿಗೂ ಓಡಿಸಲು ಮಾರಲಿಲ್ಲ. ಕೆರೆಯ ದಂಡೆಯಲ್ಲಿ ಚಹಾದಂಗಡಿ ಇಡುವವನೊಬ್ಬ ಚಕ್ರ ತೆಗೆಸಿ, ಇಟ್ಟಿಗೆಯ ಮೇಲೆ ಕೂರಿಸಿಕೊಂಡ. ಪುಸ್ತಕದಕ್ಕ ಒಂದು ಸಲ ಮಾತ್ರ ಅಲ್ಲಿಗೆ ಹೋಗಿ, ಚಹಾ ಕುಡಿದು, ಚೆನ್ನಾಗಿದೆ ಎಂದು ಹೇಳಿ ಬಂದಳು.

ಆಮೇಲೆ ಅವರು ಬೇರೆ ಗಾಡಿ ಹುಡುಕಿದರು. ಪ್ರತಿ ಸಲವೂ ತಪಾಸಣೆಯವಳನ್ನೇ ಕರೆದರು, ಅವಳು ಒಂದೊಂದನ್ನೇ ತಳ್ಳಿಹಾಕಿದಳು. ಕೊನೆಗೆ ಅವಳು ಹೂಂ ಅಂದದ್ದು ಒಂದು ಪುಟ್ಟ ಬಿಳಿ ವ್ಯಾನಿಗೆ. ಯಾರ ನೆನಪೂ ಇಲ್ಲದ, ಯಾವ ವಾಸನೆಯೂ ಇಲ್ಲದ, ಬ್ರೇಕ್ ಒತ್ತಿದರೆ ನೆಟ್ಟಗೆ ನಿಲ್ಲುವ ಗಾಡಿ. ಅದರಲ್ಲಿ ಮಲಗಿದರೆ ಇಬ್ಬರ ಮೊಣಕೈಯೂ ಒಂದಕ್ಕೊಂದು ತಾಗುತ್ತಿತ್ತು.

ಸಮುದ್ರ ತಲುಪಿದ ದಿನ ಅತ್ತಿಗೆ ನೀರಿನ ಕಡೆ ಸರಿಯಾಗಿ ತಿರುಗಿಯೂ ನೋಡಲಿಲ್ಲ. ಮರಳಿನ ಈಚೆಗೆ ವಿಶಾಲವಾದ ಖಾಲಿ ಬಯಲಿತ್ತು. ತನಗೂ ಓಡಿಸಲು ಕಲಿಸು ಎಂದು ಪಟ್ಟು ಹಿಡಿದಳು. ಈ ವಯಸ್ಸಿನಲ್ಲೇ ಎಂದು ನಾದಿನಿ ಕೇಳಿದರೆ, ವಯಸ್ಸು ನನಗಾಗಿರುವುದು, ಗಾಡಿಗಲ್ಲ ಎಂದಳು. ಕ್ಲಚ್ಚು ಬಿಟ್ಟ ರಭಸಕ್ಕೆ ವ್ಯಾನು ಮೊಲದ ಹಾಗೆ ನೆಗೆದು ನಿಂತುಹೋಯಿತು. ಅತ್ತಿಗೆ ಅದಕ್ಕೆ ಮನಸಾರೆ ಬೈದಳು. ಪುಸ್ತಕದಕ್ಕ ಪಕ್ಕದ ಸೀಟಿನಲ್ಲಿ ಗಟ್ಟಿಯಾಗಿ ಹಿಡಿದು ಕೂತು, ಇನ್ನೊಂದು ಸಲ ಮೆಲ್ಲಗೆ ಬಿಡು ಎಂದಳು. ಈ ಸಲ ಗಾಡಿ ನಿಲ್ಲಲಿಲ್ಲ. ಬಯಲಿನ ಆ ಕೊನೆಯವರೆಗೂ ಹೋಯಿತು.