ಬದುಗಳಿಲ್ಲದ ಊರಿನ ರೊಟ್ಟಿ

ಸವಣೂರಿನಿಂದ ಬೆಳಗಿನ ಬಸ್ಸಿನಲ್ಲಿ ಹೊರಟೆ. ಚೀಲದಲ್ಲಿ ಕುರುಕಲು ತಿಂಡಿಯೆಂದು ಅರ್ಧ ಕಿಲೋ ಸವಣೂರು ಖಾರವೂ ಚಂದ್ರಪ್ಪನವರ ಕಾದಂಬರಿಯ ಹಸ್ತಪ್ರತಿಯೂ ಇದ್ದವು. ತಿಳವಳ್ಳಿಯ ರೈತರಾದ ಅವರು ಅಚ್ಚಿಗೆ ಕೊಡುವ ಮೊದಲು ಅದನ್ನು ತಿದ್ದಿಕೊಡಲು ಕೇಳಿದ್ದರು. ಹೊಲಗಳಿಗೆ ಬದುವಿಲ್ಲದ, ಊರಿಗೆಲ್ಲ ಒಂದೇ ಕಣಜವಿರುವ, ಎಲ್ಲ ಜಾತಿಯವರೂ ಒಂದೇ ಪಂಕ್ತಿಯಲ್ಲಿ ಉಣ್ಣುವ ಊರೊಂದರ ಕಥೆ ಅದು. ತಿದ್ದುತ್ತ ತಿದ್ದುತ್ತ ನನಗೂ ಆ ಊರಿನಲ್ಲಿ ನೆಲೆಸುವ ಆಸೆಯಾಗಿತ್ತು.

ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸಿದೆ. ಆಧಾರ್ ಕಾರ್ಡು ತೋರಿಸಿ ಉಚಿತ ಚೀಟಿ ಪಡೆದುದನ್ನು ಕಂಡ ಪಕ್ಕದ ಹಿರಿಯರು, "ಗಂಡಸರಿಗೆ ಇಂಥಾ ರಾಜ್ಯ ಯಾವಾಗ ಬರ್ತೈತ್ರೀ ಅಕ್ಕಾರ?" ಎಂದು ನಿಟ್ಟುಸಿರಿಟ್ಟರು. ಹಾನಗಲ್ಲಿನಲ್ಲಿ ತುಂತುರು ಮಳೆ. ನಿಲ್ದಾಣದಲ್ಲಿ ಬಿಸಿ ಮಿರ್ಚಿ ಭಜಿ ತಿಂದು ತಿಳವಳ್ಳಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಗೋವಿನಜೋಳ, ಭತ್ತ, ಹೊಲಹೊಲಕ್ಕೂ ಬದು.

ಹೆಂಡತಿ ಶಾಂತವ್ವ ಒಪ್ಪದೆ ಪುಸ್ತಕವನ್ನು ಅಚ್ಚು ಹಾಕಿಸುವುದಿಲ್ಲವೆಂದು ಚಂದ್ರಪ್ಪನವರು ಓಣಿಯವರ ಮುಂದೆ ಮಾತು ಕೊಟ್ಟಿದ್ದರು. ನಾನು ಅವರ ಮನೆ ಮುಟ್ಟಿದ ಆ ಸಂಜೆ ಎಲ್ಲರನ್ನೂ ಅಂಗಳದಲ್ಲಿ ಕೂರಿಸಿ, ಇಡೀ ಊರಿಗೆ ಒಂದೇ ಆದ ಅಡುಗೆಮನೆಯ ಅಧ್ಯಾಯವನ್ನು ಓದಿದರು. ಗಂಟೆ ಮೊಳಗುತ್ತದೆ, ಊರೇ ಸಾಲಾಗಿ ಕೂರುತ್ತದೆ, ತಾಟುಗಳಿಗೆ ಬಿಸಿ ರೊಟ್ಟಿ ಬೀಳುತ್ತದೆ.

ಜೋಳ ಹಸನು ಮಾಡುತ್ತಿದ್ದ ಶಾಂತವ್ವ ಮೊರ ಕೆಳಗಿಟ್ಟರು. "ಹೌದ್ರೀ, ಆ ರೊಟ್ಟಿ ಬಡಿಯೋರು ಯಾರು?"

"ಹೆಣ್ಮಕ್ಕಳು... ಎಲ್ಲಾರೂ ಕೂಡಿ."

"ಈಗ ಮನಿ ಮಂದಿಗೆ ಬಡೀತೇನಿ. ನಿಮ್ಮ ಸಮಾನತಾ ಬಂದ್ರ ಊರ ಮಂದಿಗೆ ಬಡೀಬೇಕೇನು? ಆ ಊರಿಗೆ ನಾ ಒಲ್ಲೆ. ನೀವ ಹೋಗಿ ಇರ್ರಿ."

ನೆರೆಮನೆಯ ಅಜ್ಜಿ ನಕ್ಕು, "ಲೇ ಚಂದ್ರೂ, ಹೊಲದ ಬದು ಎಲ್ಲಾ ಕಿತ್ತಿ, ಒಲಿ ಮುಂದಿಂದು ಹಂಗ ಬಿಟ್ಟೀಯಲ್ಲೋ!" ಎಂದರು. ಚಂದ್ರಪ್ಪನವರು ಹಾಳೆಗಳನ್ನು ಮಡಿಸಿಕೊಂಡು ಒಳಗೆ ಹೋದರು.

ರಾತ್ರಿ ಅಲ್ಲೇ ಉಳಿದಿದ್ದ ನನಗೆ ಬೆಳಿಗ್ಗೆ ತಾಳ ತಪ್ಪಿದ ರೊಟ್ಟಿ ಬಡಿತದ ಸದ್ದಿಗೆ ಎಚ್ಚರವಾಯಿತು. ಒಲೆಯ ಮುಂದೆ ಚಂದ್ರಪ್ಪನವರು, ಮೊಣಕೈವರೆಗೂ ಹಿಟ್ಟು. ಶಾಂತವ್ವ ಹೊಸ್ತಿಲಲ್ಲಿ ಕುಳಿತು ಚಹಾ ಕುಡಿಯುತ್ತಿದ್ದರು.

"ನೀರ ಹಚ್ರಿ, ರೊಟ್ಟಿ ಹೊತ್ತಾಕತ್ತೈತಿ! ಇದು ರೊಟ್ಟಿ ಅಲ್ಲ, ಹಾನಗಲ್ಲ ತಾಲೂಕಿನ ನಕಾಶಿ."

"ಗಂಡಸರೂ ಪಾಳಿ ಮ್ಯಾಲ ಬಡೀತಾರಂತ ಬರದೇನಿ," ಎಂದರು ಚಂದ್ರಪ್ಪನವರು.

"ಬರದ್ರ ಸಾಲದು. ಮೊದ್ಲ ದುಂಡಗ ಬರ್ಲಿ."

ಹಿರೇಕೆರೂರಿನ ಮೂಲಕ ಮರಳಲು ನಿಶ್ಚಯಿಸಿದ್ದೆ. ಗಂಡನೊಂದಿಗೆ ಬಸ್ಸಿನವರೆಗೂ ಬಂದ ಶಾಂತವ್ವ ಬುತ್ತಿಯ ಗಂಟನ್ನು ನನ್ನ ಕೈಗಿತ್ತರು. "ಮ್ಯಾಲಿಂದು ನೋಡ್ರಿ ಅಕ್ಕಾರ, ದುಂಡಗ ಬಂದೈತಿ. ಪುಸ್ತಕ ಅಚ್ಚಾಗ್ಲಿ. ಆದ್ರ ನಾಳಿನ ಪಾಳಿನೂ ಅವರದ."

ಬಸ್ಸು ತಿರುವಿಗೆ ಬಂದಾಗ ಹಿಂದಿರುಗಿ ನೋಡಿದೆ. ಚಂದ್ರಪ್ಪನವರು ಬೀಳ್ಕೊಡಲು ಎತ್ತಿದ ಕೈ ಇನ್ನೂ ಬೆಳ್ಳಗಿತ್ತು.