ಕೂಣಿಗೆ ಕಂದಾಯ ಹಾಕಿದ ಮೇಷ್ಟ್ರು

ಮಧ್ಯಾಹ್ನದ ಊಟದ ಗಂಟೆ ಹೊಡೆಯಿತೆಂದರೆ ಬೇರೆ ಮೇಷ್ಟ್ರುಗಳೆಲ್ಲ ಸ್ಟಾಫ್ ರೂಮಿಗೆ ಹೋಗುತ್ತಿದ್ದರು. ನಮ್ಮ ಚನ್ನವೀರಪ್ಪ ಮೇಷ್ಟ್ರು ಮಾತ್ರ ಒಂದು ಸ್ಟೀಲ್ ಚಮಚ ಹಿಡಿದುಕೊಂಡು ಸೀದಾ ಹತ್ತನೇ ಕ್ಲಾಸಿಗೆ ನುಗ್ಗುತ್ತಿದ್ದರು. “ಡಬ್ಬಿ ತೆಗೀರೋ, ಸರ್ಕಾರ ಬಂದೈತಿ!” ಎಂದು ಕೂಗಿ, ಒಬ್ಬೊಬ್ಬರ ಊಟದಿಂದಲೂ ಒಂದೊಂದು ಚಮಚ ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ವರ್ಷವಿಡೀ ಅಲ್ಲ, ಬ್ರಿಟಿಷರ ಕಂದಾಯದ ಪಾಠ ನಡೆಯುವ ವಾರ ಮಾತ್ರ. ತೊಗರ್ಸಿ ಕಡೆಯ ನಮ್ಮ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನವನ್ನು ಹೀಗೆ ಹೊಟ್ಟೆ ಉರಿಸಿ ಕಲಿಸುತ್ತಿದ್ದವರು ಅವರೊಬ್ಬರೇ.

ಮೊದಲ ದಿನ ನಕ್ಕೆವು. ಮಾರನೇ ದಿನ ಚಿತ್ರಾನ್ನ ತಂದವರಿಗೆ ಎರಡು ಚಮಚ ಸುಂಕವಾಯಿತು. ಆಮೇಲೆ ಕಿಟಕಿ ಪಕ್ಕ ಕೂತವರಿಗೆ ಗಾಳಿಯ ಸುಂಕ ಬಂತು. ವಾರದ ಕೊನೆಗೆ ನಮಗೆಲ್ಲ ಮೈ ಉರಿಯುತ್ತಿತ್ತು, ಆದರೂ ಮೇಷ್ಟ್ರ ಎದುರು ಯಾರು ಬಾಯಿ ಬಿಡಬೇಕು? ಕಡೆಗೆ ನನ್ನ ಪಕ್ಕ ಕೂರುತ್ತಿದ್ದ ಕೊಪ್ಪದ ಹಾಲಮ್ಮ, ಚಮಚ ಡಬ್ಬಿಯೊಳಗಿರುವಾಗಲೇ ಮುಚ್ಚಳ ಒತ್ತಿ ಹಿಡಿದಳು.

“ಕೊಡಲ್ಲ ಸಾರ್. ಕೇಳಿದ್ರೆ ಪೂರ್ತಿ ಡಬ್ಬೀನೇ ಕೊಡ್ತಿದ್ದೆ.”

ಕೆನ್ನೆಗೆ ಬಿತ್ತು ಅಂತಲೇ ನಾವು ಅಂದುಕೊಂಡೆವು. ಮೇಷ್ಟ್ರು ಕುಣಿದಾಡಿಬಿಟ್ಟರು! “ಇದೇ! ಇದೇ ಕಣ್ರೋ! ಅಮೆರಿಕದೋರು ಚಹಾ ಸಮುದ್ರಕ್ಕೆ ಸುರಿದಿದ್ದು ಇದಕ್ಕೆ. ನಮ್ಮೋರು ಉಪ್ಪು ಕಾಯಿಸಿದ್ದು ಇದಕ್ಕೆ. ಇಲ್ಲೇ ಈಸೂರೋರು ಕಂದಾಯ ಕೊಡಲ್ಲ ಅಂದಿದ್ದೂ ಇದಕ್ಕೇ. ತಗೊಂಡದ್ದನ್ನ ಜನ ಮರೀತಾರೆ, ಕೇಳದೇ ತಗೊಂಡದ್ದನ್ನ ಮರೆಯಲ್ಲ!” ಎಂದು ಹಾಲಮ್ಮನ ತಲೆ ಸವರಿದರು. ನಾನು ಟೀಚರಮ್ಮ ಆಗಬೇಕು ಅಂದುಕೊಂಡದ್ದು ಆ ಕ್ಷಣದಲ್ಲಿ. ಈಗ ಸೊರಬದ ಒಂದು ಶಾಲೆಯಲ್ಲಿ ಅದೇ ಪಾಠ ಮಾಡುತ್ತೇನೆ, ಅವರದೇ ಧಾಟಿಯಲ್ಲಿ.

ಮನುಷ್ಯ ಶುದ್ಧ ಅಂದರೆ ಶುದ್ಧ. ಬಿಳಿ ಪಂಚೆ, ಕಂಕುಳಲ್ಲಿ ಕೊಡೆ, ಹಣೆಯಲ್ಲಿ ವಿಭೂತಿ. ಪರಿಚಯದವರ ಅಂಗಡಿಯಲ್ಲೂ ಬಿಟ್ಟಿ ಚಹಾ ಕುಡಿದವರಲ್ಲ. ಶಿರಾಳಕೊಪ್ಪದ ಸಂತೆಯಲ್ಲಿ ತರಕಾರಿಯವಳು ತಪ್ಪಿ ಹೆಚ್ಚು ಚಿಲ್ಲರೆ ಕೊಟ್ಟಳೆಂದು ಬಸ್ಸಿಳಿದು ವಾಪಸ್ ಹೋದವರು. ಹೀಗಾಗಿ ಅವರು ರಿಟೈರ್ ಆದ ಮೇಲೆ ಊರವರು ಹಿಡಿದು ಎಳೆದು ಕೆರೆ ಕಮಿಟಿಗೆ ಅಧ್ಯಕ್ಷರನ್ನಾಗಿ ಮಾಡಿದರು.

ಕೆರೆ ಎಂದರೆ ನಮ್ಮ ಕಡೆ ಸುಮ್ಮನೆ ನೀರಲ್ಲ, ಕೆರೆಬೇಟೆಯೂ ಹೌದು. ಬೇಸಿಗೆಯಲ್ಲಿ ನೀರು ಮೊಣಕಾಲಿಗೆ ಇಳಿದಾಗ ಒಂದು ದಿನ ಗೊತ್ತು ಮಾಡುತ್ತಾರೆ. ಜನರೆಲ್ಲ ಒಟ್ಟಿಗೆ ಕೂಣಿ ಹಿಡಿದು ಕೆರೆಗೆ ನುಗ್ಗುತ್ತಾರೆ. ಕೂಣಿ ಅಂದರೆ ತಳವಿಲ್ಲದ ಬಿದಿರಿನ ಬುಟ್ಟಿ. ಅದನ್ನು ಕೆಸರಿಗೆ ಒತ್ತಿ, ಮೇಲಿನ ಬಾಯಿಯಿಂದ ಕೈ ಹಾಕಿ ಒಳಗೆ ಸಿಕ್ಕಿದ ಮೀನು ಹಿಡಿಯಬೇಕು. ಒಂದೊಂದು ಕೂಣಿಗೆ ಕಮಿಟಿಗೆ ಇಷ್ಟು ಅಂತ ದುಡ್ಡು ಕಟ್ಟುವುದು ಹಳೇ ಪದ್ಧತಿ. ಮೀನಿನ ವಾಸನೆಗೇ ಮೂಗು ಮುಚ್ಚಿಕೊಳ್ಳುವ ನಮ್ಮ ಮೇಷ್ಟ್ರು ಅದರ ಯಜಮಾನರಾದರು!

ಕೆರೆಯ ಈಚೆ ದಡದಲ್ಲಿ ನಮ್ಮೂರು, ಆಚೆ ದಡದಲ್ಲಿ ನಮ್ಮೂರಿಗೇ ಸೇರಿದ ಸಣ್ಣ ಕೇರಿ, ಹಾಲಮ್ಮನ ಕೊಪ್ಪ. ಪ್ರತಿವರ್ಷ ಏರಿಗೆ ಮಣ್ಣು ಹೊರುವವರು ಕೊಪ್ಪದವರು, ಕಮಿಟಿಯಲ್ಲಿ ಕೂರುವವರು ನಮ್ಮೂರಿನವರು. ಅದು ನನ್ನ ಕಣ್ಣಿಗೆ ಎಂದೂ ಬಿದ್ದಿರಲೇ ಇಲ್ಲ, ನೋಡಿ.

ಎರಡು ಬೇಸಿಗೆಯ ಹಿಂದೆ ರಜಕ್ಕೆ ತವರಿಗೆ ಬಂದಿದ್ದಾಗ ಊರಿನ ವಾಟ್ಸಾಪ್ ಗುಂಪಿಗೆ ಒಂದು ಪ್ರಕಟಣೆ ಬಂತು. ಕೊಪ್ಪದವರ ಕೂಣಿಗೆ ಈ ಸಲ ದುಪ್ಪಟ್ಟು. ಕೊಪ್ಪದವರು ಹಿಡಿದ ಮೀನಿನಲ್ಲಿ ದೊಡ್ಡದು ಕಮಿಟಿಗೆ. ಊರಿನವರು ಇಳಿದು ಒಂದು ಸುತ್ತು ಆದ ಮೇಲೆ ಕೊಪ್ಪದವರು ಇಳಿಯತಕ್ಕದ್ದು. ಕೆಳಗೆ ‘ಅಧ್ಯಕ್ಷರ ಅಪ್ಪಣೆ ಮೇರೆಗೆ’ ಎಂದು ಚನ್ನವೀರಪ್ಪ ಮೇಷ್ಟ್ರ ಹೆಸರು.

ಯಾರೋ ಕಿಡಿಗೇಡಿಗಳು ಅವರ ಹೆಸರು ಹಾಕಿದ್ದಾರೆ ಅಂದುಕೊಂಡು, ತಲೆ ಕೂಡ ಬಾಚದೆ ಅವರ ಮನೆಗೆ ಓಡಿದೆ. ಜಗಲಿಯ ಮೇಲೆ ಕೂತು ಪೇಪರ್ ಓದುತ್ತಿದ್ದರು.

“ಸಾರ್, ಇದು ನೀವೇ ಹಾಕ್ಸಿದ್ದಾ?”

“ಹೌದಮ್ಮ ಸವಿತಾ. ಸಮುದಾಯ ಭವನದ ಚಾವಣಿ ಆಗ್ಬೇಕಲ್ಲ.”

“ಭವನ ನಮ್ಮೂರಾಗೆ ಅಲ್ವಾ ಸಾರ್? ಕೊಪ್ಪದೋರಿಗೆ ಯಾಕೆ ದುಪ್ಪಟ್ಟು? ಅವ್ರನ್ನ ಒಂದು ಮಾತು ಕೇಳಿದ್ರಾ?”

“ಕೇಳೋದೇನು? ಅವರ ಒಳ್ಳೇದಕ್ಕೇ ಅಲ್ವೇನು? ನಾಳೆ ಅವರ ಮಕ್ಕಳ ಮದುವೇನೂ ಅಲ್ಲೇ ಆಗ್ತಾವೆ. ಶಿಸ್ತು ಇಲ್ಲ ಅವರಿಗೆ, ಒಂದೇ ಸಲ ಮೈಮೇಲೆ ಬಿದ್ದಂಗೆ ಇಳೀತಾರೆ.”

“ಸಾರ್, ನೀವು ಕ್ಲಾಸಲ್ಲಿ ಹೇಳ್ತಿದ್ರಲ್ಲ, ಬ್ರಿಟಿಷ್ರೂ ಹಿಂಗೇ...”

ಮೇಷ್ಟ್ರು ಪೇಪರ್ ಮಡಚಿದರು. “ಏಯ್, ಅದಕ್ಕೂ ಇದಕ್ಕೂ ಏನಮ್ಮ ಸಂಬಂಧ? ಅವ್ರು ಹೊರಗಿನೋರು, ಲೂಟಿ ಮಾಡಾಕ್ ಬಂದೋರು. ನಾನೊಂದು ಪೈಸೆ ಮುಟ್ಟೀನೇನು?”

ಮುಟ್ಟಿರಲಿಲ್ಲ. ಅದೇ ನನ್ನನ್ನು ಬೆಚ್ಚಿಬೀಳಿಸಿದ್ದು. ಕಳ್ಳನಾಗಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಇಷ್ಟು ಪ್ರಾಮಾಣಿಕ ಮನುಷ್ಯ, ಇಷ್ಟು ಓದಿಕೊಂಡವರು, ತಾವೇ ಹೇಳಿಕೊಟ್ಟದ್ದನ್ನು ತಾವೇ ತಿರುಗಿಸಿ ಮಾಡುತ್ತಿದ್ದಾರೆ, ಮತ್ತು ಅದು ಅವರಿಗೆ ಕಾಣಿಸುತ್ತಲೇ ಇಲ್ಲ! ಅಯ್ಯೋ ಶಿವನೇ, ಹಾಗಾದರೆ ನಾವೆಲ್ಲ ಆ ಪಾಠದಲ್ಲಿ ಕಲಿತಿದ್ದಾದರೂ ಏನು?

ಕೆರೆಬೇಟೆಯ ದಿನ ಏರಿಯ ಮೇಲೆ ಪೂಜೆ ಮುಗಿಯಿತು. ಕೊಂಬು ಊದಿದರು. ನಮ್ಮೂರಿನವರು ಕೇಕೆ ಹಾಕಿ ಇಳಿದರು. ಆಚೆ ದಡದಲ್ಲಿ ಕೊಪ್ಪದ ಜನರೆಲ್ಲ ಬಂದು ನಿಂತಿದ್ದರು, ಹೆಂಗಸರು ಮಕ್ಕಳು ಸಮೇತ. ಕೈಯಲ್ಲಿ ಕೂಣಿಗಳಿದ್ದವು. ಅವರ ಸರದಿ ಬಂತು, ಮತ್ತೆ ಕೊಂಬು ಊದಿದರು. ಒಬ್ಬರೂ ಇಳಿಯಲಿಲ್ಲ. ಕೂಣಿಗಳನ್ನು ದಡದ ಮೇಲೆ ಬೋರಲು ಹಾಕಿ ಅವುಗಳ ಪಕ್ಕದಲ್ಲೇ ಕೂತುಬಿಟ್ಟರು. ಕೂಗಲಿಲ್ಲ, ಬೈಯಲಿಲ್ಲ.

ಕೆರೆಬೇಟೆ ಎಂಥದು ಅಂತ ಗೊತ್ತಿದ್ದವರಿಗೆ ಆಗಲೇ ಅರ್ಥವಾಯಿತು. ಅದು ಅರ್ಧ ಜನರಿಂದ ಆಗುವ ಕೆಲಸವೇ ಅಲ್ಲ. ನಾಲ್ಕೂ ಕಡೆಯಿಂದ ಕಾಲುಗಳು ಕೆಸರು ಕಲಕಿದರೆ ಮಾತ್ರ ಮೀನು ಉಸಿರು ಕಟ್ಟಿ ಮೇಲೆ ಬರುತ್ತದೆ. ಆಚೆ ದಡದ ನೀರು ತಿಳಿಯಾಗಿಯೇ ಇತ್ತು, ಮೀನೆಲ್ಲ ಅತ್ತ ಹೋಗಿ ನೆಮ್ಮದಿಯಾಗಿ ಸೇರಿಕೊಂಡವು. ನಮ್ಮೂರಿನ ಗಂಡಸರು ಮೈತುಂಬಾ ಕೆಸರು ಮಾಡಿಕೊಂಡು ಬರಿಗೈಯಲ್ಲಿ ಹತ್ತಿಬಂದರು. ಮೀನು ತಿನ್ನದ, ಕೆರೆಗೆ ಒಂದು ದಿನವೂ ಇಳಿಯದ ಮೇಷ್ಟ್ರಿಗೆ ಇದು ಗೊತ್ತೇ ಇರಲಿಲ್ಲ.

ಹಾಲಮ್ಮ ಏರಿಯ ಮೇಲೆ ನಡೆದುಬಂದಳು. ಕೂದಲು ಅರ್ಧ ನೆರೆತಿತ್ತು. ಮೇಷ್ಟ್ರಿಗೆ ಕೈಮುಗಿದಳು.

“ಸಾರ್, ನಮ್ಮ ಕೊಪ್ಪದ ಹಿಂದಿನ ಹಳೇ ಕಟ್ಟೆ ಹೂಳು ನಾವೇ ತೆಗೀತೀವಿ. ಈ ಏರಿಗೆ ಇನ್ನು ನಾವು ಮಣ್ಣು ಹೊರಲ್ಲ. ನಿಮ್ಮ ಕಮಿಟಿ ನಿಮಗೆ, ನಮ್ಮದು ನಮಗೆ.”

“ಹಾಲಮ್ಮಾ, ಒಂದೇ ಊರು ಒಡೀಬ್ಯಾಡ ಕಣವ್ವ. ದುಪ್ಪಟ್ಟು ಬ್ಯಾಡ ಅಂದ್ರೆ ಕಮ್ಮಿ ಮಾಡೋಣ,” ಎಂದರು ಮೇಷ್ಟ್ರು.

“ದುಡ್ಡಿನ ಮಾತಲ್ಲ ಸಾರ್ ಇದು. ಒಂದೇ ಊರು ಅನ್ನೋದು ನಿಮಗೆ ಇವತ್ತು ನೆನಪಾತು. ಇಷ್ಟು ವರ್ಷ ಕಮಿಟಿ ಕೂತಾಗ ನಾವು ಚಪ್ಪಲಿ ಬಿಡೋ ಜಾಗದಾಗೆ ನಿಂತಿರ್ತಿದ್ವಿ.”

ಅವಳು ತಿರುಗಿ ನಡೆದಳು. ಕೊಪ್ಪದವರು ಎದ್ದು ಕೂಣಿಗಳನ್ನು ಹೆಗಲಿಗೆ ಹಾಕಿಕೊಂಡು ಹೋದರು. ಮಳೆಗಾಲಕ್ಕೆ ಮೊದಲು ನಮ್ಮೂರಿನವರು ಏರಿಗೆ ಮಣ್ಣು ಹಾಕಲು ಜೆಸಿಬಿ ತರಿಸಬೇಕಾಯಿತು. ಕೊಪ್ಪದ ಕಟ್ಟೆಯಲ್ಲಿ ಮರುವರ್ಷ ಅವರದೇ ಬೇಟೆ ನಡೆಯಿತು. ಮೇಷ್ಟ್ರು ಅಧ್ಯಕ್ಷಗಿರಿ ಬಿಟ್ಟರು, ಆಮೇಲೆ ಹಾಸಿಗೆ ಹಿಡಿದರು.

ಹೋದ ದೀಪಾವಳಿಗೆ ನೋಡಲು ಹೋದೆ. ಸೊರಗಿ ಕಡ್ಡಿಯಾಗಿದ್ದರು. ಹಿಂದೆಲ್ಲ ನಗಿಸುತ್ತಿದ್ದ ಮನುಷ್ಯನನ್ನು ಆ ಸ್ಥಿತಿಯಲ್ಲಿ ನೋಡಿ ನನಗೆ ಅಳು ಬಂತು. ಎಷ್ಟಾದರೂ ನನ್ನ ಮೇಷ್ಟ್ರು. ಈಗಲಾದರೂ ಒಂದು ಮಾತು ಆಡುತ್ತಾರೆ, ನಾನು ಹಾಲಮ್ಮನಿಗೆ ತಲುಪಿಸುತ್ತೇನೆ ಅಂದುಕೊಂಡು ಮಂಚದ ಪಕ್ಕ ಕೂತೆ.

“ಸವಿತಾ, ನಂದು ಒಂದು ತಪ್ಪಾತು,” ಎಂದರು.

ನನ್ನ ಜೀವ ತಂಪಾಯಿತು. “ಹೇಳಿ ಸಾರ್.”

“ಆ ಪಾಠ ಅಷ್ಟು ಚೆನ್ನಾಗಿ ಮಾಡಬಾರದಿತ್ತು.” ನನ್ನ ಮುಂಗೈ ಹಿಡಿದುಕೊಂಡರು. “ಪುಸ್ತಕದಾಗಿದ್ದಷ್ಟು ಓದಿಸಿದ್ರೆ ಸಾಕಿತ್ತು. ಹಾಲಮ್ಮನಂಥೋರು ಪರೀಕ್ಷೆಗೆ ಬರ್ದು ಮರ್ತು ಬಿಡೋರು. ನೀನೂ ಈಗ ಅದೇ ಪಾಠ ಮಾಡ್ತೀಯಂತಲ್ಲ? ಸುಮ್ನೆ ಓದಿಸಿ ಮುಗಿಸಿಬಿಡು.”

ತಮಾಷೆಯೇನೋ ಅಂತ ಮುಖ ನೋಡಿದೆ. ತಮಾಷೆಯಲ್ಲ. ನನ್ನ ಕೈ ಹಿಡಿದವರು ಬಿಡದೆ, ಉತ್ತರಕ್ಕೆ ಕಾಯುತ್ತಿದ್ದರು. ನಾನು ಮೆಲ್ಲಗೆ ಬಿಡಿಸಿಕೊಂಡೆ. ಅವರ ಮನೆಯಿಂದ ಹೊರಡುವಾಗ ಪ್ರತಿ ಸಲ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಿದ್ದೆ. ಅವತ್ತು ಅವರೇ ಕಷ್ಟಪಟ್ಟು ಕಾಲು ಸ್ವಲ್ಪ ಈಚೆಗೆ ಚಾಚಿದರು. ನಾನು ಹೊದಿಕೆ ಸರಿಮಾಡಿ, “ಬರ್ತೀನಿ ಸಾರ್,” ಎಂದು ಎದ್ದುಬಂದೆ. ಸಂಕ್ರಾಂತಿಯ ಹೊತ್ತಿಗೆ ಅವರು ಇರಲಿಲ್ಲ.